ಪೂರ್ವಸಿದ್ಧತಾ ವರ್ಷ: ವಿದೇಶಿ ವಿದ್ಯಾರ್ಥಿಗಳ ವಿಶ್ವವಿದ್ಯಾಲಯ ಪ್ರವೇಶದ ಚರಿತ್ರೆ

ಹೊರದೇಶದ ವಿಶ್ವವಿದ್ಯಾಲಯದಲ್ಲಿ ಪದವಿ ತರಗತಿಗೆ ಸೇರುವ ಮುನ್ನ ವಿದೇಶಿ ವಿದ್ಯಾರ್ಥಿ ಓದಿ ತೇರ್ಗಡೆಯಾಗಬೇಕಾದ, ಸಾಮಾನ್ಯವಾಗಿ ಒಂದು ವರ್ಷದ ಶಿಕ್ಷಣಕ್ರಮವೇ ಪೂರ್ವಸಿದ್ಧತಾ ವರ್ಷ. ಬ್ರಿಟನ್ನಿನಲ್ಲಿ ಇದು ಫೌಂಡೇಶನ್ ಇಯರ್, ಜರ್ಮನಿಯಲ್ಲಿ ಸ್ಟುಡಿಯೆನ್‌ಕೊಲೆಗ್, ರಷ್ಯಾದಲ್ಲಿ ಪೊದ್‌ಫಾಕ್. ಇದರ ಚರಿತ್ರೆಯನ್ನು ಹೇಳುವಾಗ ಎರಡು ಗೊಂದಲಗಳು ಮತ್ತೆ ಮತ್ತೆ ತಲೆಹಾಕುತ್ತವೆ. ಭಾಷಾ ತರಗತಿಯನ್ನೂ ಈ ವರ್ಷವನ್ನೂ ಒಂದೇ ಎಂದು ಎಣಿಸುವುದು ಮೊದಲನೆಯದು. ಶುಲ್ಕಕ್ಕಾಗಿ ವಿದೇಶಿಯರನ್ನು ಕರೆತರಲು ಹೊರಟ ಬ್ರಿಟಿಷ್ ವಿಶ್ವವಿದ್ಯಾಲಯಗಳೇ 20ನೆಯ ಶತಮಾನದ ಕೊನೆಯಲ್ಲಿ ಇದನ್ನು ಹುಟ್ಟುಹಾಕಿದವು ಎಂದುಕೊಳ್ಳುವುದು ಎರಡನೆಯದು. ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಎರಡೂ ನಿಲ್ಲುವುದಿಲ್ಲ. ಈ ವರ್ಷವನ್ನು ಕಟ್ಟಿದವು ಸರ್ಕಾರಗಳು. ಅದು ತುಂಬಹೊರಟದ್ದು ವಿದ್ಯಾರ್ಥಿಯ ಭಾಷೆಯ ಕೊರತೆಗಿಂತ ಹೆಚ್ಚಾಗಿ, ಅವನು ತಂದ ಶಾಲಾ ಪ್ರಮಾಣಪತ್ರಕ್ಕೂ ಆ ದೇಶದ ಪ್ರವೇಶ ನಿಯಮಕ್ಕೂ ನಡುವೆ ಇದ್ದ ಅಂತರವನ್ನು. ಯಾವ ಪತ್ರವನ್ನು ಯಾವ ದೇಶ ನಂಬುತ್ತದೆ, ಯಾವುದನ್ನು ನಂಬುವುದಿಲ್ಲ ಎಂಬ ತೀರ್ಮಾನ ಬದಲಾದಂತೆಲ್ಲ ಈ ವರ್ಷ ಕಾಣಿಸಿಕೊಂಡಿದೆ, ಮಾಯವಾಗಿದೆ, ಉದ್ದವೂ ಆಗಿದೆ.

ಈ ಬಗೆಯ ವ್ಯವಸ್ಥೆ ಸ್ಪಷ್ಟವಾಗಿ ದಾಖಲಾಗಿರುವ ಆರಂಭದ ತಾಣ ಟೋಕಿಯೊ. 1894–95ರ ಯುದ್ಧದಲ್ಲಿ ಜಪಾನಿಗೆ ಸೋತ ಚೀನಾದ ಚಿಂಗ್ ಸರ್ಕಾರ, ಮರುವರ್ಷವೇ 13 ಮಂದಿ ಯುವಕರನ್ನು ಓದಲೆಂದು ಅದೇ ಜಪಾನಿಗೆ ಕಳಿಸಿತು. ಅವರ ಹೊಣೆ ಬಿದ್ದದ್ದು ಟೋಕಿಯೊದ ಉನ್ನತ ಶಿಕ್ಷಕರ ಶಾಲೆಯ ಮುಖ್ಯಸ್ಥ ಕಾನೊ ಜಿಗೊರೊ ಅವರ ಮೇಲೆ. ಜೂಡೊ ವಿದ್ಯೆಯ ಸ್ಥಾಪಕರೆಂದು ಲೋಕ ಬಲ್ಲದ್ದು ಇವರನ್ನೇ. ಹದಿಮೂರು ಮಂದಿಯಲ್ಲಿ ಎಲ್ಲರೂ ಓದು ಮುಗಿಸಲಿಲ್ಲ. ಆದರೆ ಅವರಿಗಾಗಿ ಶುರುವಾದ ಪಾಠವೇ ಬೆಳೆದು 1902ರಲ್ಲಿ ಕೋಬುನ್ ಗಾಕುಯಿನ್ ಎಂಬ ಪೂರ್ಣ ಪ್ರಮಾಣದ ಶಾಲೆಯಾಯಿತು. ಆ ವರ್ಷ ಅಲ್ಲಿ ಸೇರಿದವರಲ್ಲಿ ಮುಂದೆ ಲು ಶುನ್ ಎಂಬ ಕಾವ್ಯನಾಮದಿಂದ ಹೆಸರಾದ ಲೇಖಕರೂ ಇದ್ದರು. ಎರಡು ವರ್ಷ ಅಲ್ಲಿ ಜಪಾನಿ ಭಾಷೆಯ ಜೊತೆ ಸಾಮಾನ್ಯ ವಿಷಯಗಳನ್ನು ಓದಿ, 1904ರಲ್ಲಿ ಅವರು ಸೆಂದಾಯ್‌ನ ವೈದ್ಯಕೀಯ ಶಾಲೆಗೆ ಹೋದರು. ಶಾಸ್ತ್ರಗ್ರಂಥಗಳನ್ನು ಬಾಯಿಪಾಠ ಮಾಡಿ ಬಂದ ಚೀನೀ ವಿದ್ಯಾರ್ಥಿಯ ಕೈಯಲ್ಲಿ ಜಪಾನಿನ ಮಾಧ್ಯಮಿಕ ಶಾಲೆಗೆ ಸಮನಾದ ಯಾವ ಪತ್ರವೂ ಇರಲಿಲ್ಲ. ಇದ್ದರೂ ಅದನ್ನು ಅಳೆಯುವ ಮಾನದಂಡ ಜಪಾನಿನ ಬಳಿ ಇರಲಿಲ್ಲ. ಕೋಬುನ್ ಆ ಜಾಗವನ್ನು ತುಂಬಿತು.

ಮುಂದಿನ ಐದಾರು ವರ್ಷಗಳ ಲೆಕ್ಕ ಮಾತ್ರ ಇಂದಿಗೂ ತಕರಾರಿನದು. 1905ರಲ್ಲಿ ಚೀನಾ ತನ್ನ ಶತಮಾನಗಳ ನಾಗರಿಕ ಸೇವಾ ಪರೀಕ್ಷೆಯನ್ನು ರದ್ದು ಮಾಡಿದೊಡನೆ ಟೋಕಿಯೊಗೆ ವಿದ್ಯಾರ್ಥಿಗಳ ಪ್ರವಾಹವೇ ಹರಿಯಿತು. ಹತ್ತು ಸಾವಿರ, ಇಪ್ಪತ್ತು ಸಾವಿರ ಎಂಬ ಸಂಖ್ಯೆಗಳು ಅಂದಿನ ಬರಹಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಈ ವಿಷಯದ ಚರಿತ್ರಕಾರ ಸಾನೆತೊ ಕೆಯ್ಶು ಅದನ್ನು ಸುಮಾರು 8,000ಕ್ಕೆ ಇಳಿಸಿದರು. ವಿದ್ಯಾರ್ಥಿಗಳು ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಹಾರುತ್ತಿದ್ದ ಕಾಲದಲ್ಲಿ ಶಾಲೆಗಳ ಹಾಜರಿ ಪುಸ್ತಕಗಳನ್ನು ಕೂಡಿಸಿದರೆ ಮೊತ್ತ ಉಬ್ಬುವುದು ಸಹಜ. ಹಾಗಾಗಿ ಕಡಿಮೆ ಅಂದಾಜೇ ಹೆಚ್ಚು ನಂಬಲರ್ಹ. ಬೇಡಿಕೆ ಏರಿದಂತೆ ಆರು ತಿಂಗಳಿಗೇ ಮುಗಿಯುವ ದಿಢೀರ್ ತರಗತಿಗಳು ಎಲ್ಲೆಡೆ ತಲೆಯೆತ್ತಿದವು. 1905ರ ನವೆಂಬರಿನಲ್ಲಿ ಜಪಾನಿನ ಶಿಕ್ಷಣ ಇಲಾಖೆ ಚೀನೀಯರನ್ನು ಸೇರಿಸಿಕೊಳ್ಳುವ ಶಾಲೆಗಳ ಮೇಲೆ ಹತೋಟಿ ನಿಯಮ ತಂದಾಗ ವಿದ್ಯಾರ್ಥಿಗಳು ತರಗತಿ ಬಹಿಷ್ಕರಿಸಿದರು, ಚೆನ್ ತಿಯೆನ್‌ಹುವಾ ಎಂಬ ಕ್ರಾಂತಿಕಾರಿ ಬರಹಗಾರ ಸಮುದ್ರಕ್ಕೆ ಬಿದ್ದು ಪ್ರಾಣ ಬಿಟ್ಟರು. ಮರುವರ್ಷ ಚೀನಾ ಸರ್ಕಾರವೇ ದಿಢೀರ್ ತರಗತಿಗಳಿಗೆ ವಿದ್ಯಾರ್ಥಿಗಳನ್ನು ಕಳಿಸುವುದನ್ನು ನಿಲ್ಲಿಸಿತು. ಕೋಬುನ್ 1909ರಲ್ಲಿ ಮುಚ್ಚಿತು. ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಆದರೆ ನಿಜವಾದ ತಿರುವು ಇದರ ನಡುವೆಯೇ ನಡೆದುಹೋಗಿತ್ತು. 1907ರಲ್ಲಿ ಎರಡೂ ಸರ್ಕಾರಗಳು ಮಾಡಿಕೊಂಡ ಒಪ್ಪಂದದಂತೆ ಜಪಾನಿನ ಐದು ಸರ್ಕಾರಿ ಶಾಲೆಗಳು ವರ್ಷಕ್ಕೆ 165 ಚೀನೀ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕಿತ್ತು. ಅದರ ಭಾಗವಾಗಿ 1908ರಲ್ಲಿ ಟೋಕಿಯೊದ ಫಸ್ಟ್ ಹೈಯರ್ ಸ್ಕೂಲಿನಲ್ಲಿ ಚೀನೀಯರಿಗಾಗಿಯೇ ಒಂದು ವಿಶೇಷ ಪೂರ್ವಸಿದ್ಧತಾ ತರಗತಿ ಆರಂಭವಾಯಿತು. ಪ್ರವೇಶ ಪರೀಕ್ಷೆ ಗೆದ್ದವರು ಅಲ್ಲಿ ಒಂದು ವರ್ಷ ಓದಬೇಕು. ತೇರ್ಗಡೆಯಾದವರನ್ನು ದೇಶದ ಬೇರೆ ಬೇರೆ ಹೈಯರ್ ಸ್ಕೂಲುಗಳಿಗೆ ಹಂಚಲಾಗುತ್ತಿತ್ತು. ಕವಿ ಗುವೊ ಮೊರುವೊ 1914ರಲ್ಲಿ ಈ ತರಗತಿಗೆ ಸೇರಿ ಮರುವರ್ಷ ಒಕಾಯಾಮಾಕ್ಕೆ ಹೋದರು. ಸರ್ಕಾರಿ ಆದೇಶ, ನಿಗದಿತ ಸೀಟು, ಒಂದು ವರ್ಷದ ಅವಧಿ, ಕೊನೆಯಲ್ಲಿ ಪರೀಕ್ಷೆ, ಪಾಸಾದವರಿಗೆ ಖಚಿತ ಪ್ರವೇಶ: ಇಂದಿನ ಪೂರ್ವಸಿದ್ಧತಾ ವರ್ಷದ ಎಲ್ಲ ಲಕ್ಷಣಗಳೂ 1908ರ ಆ ತರಗತಿಯಲ್ಲಿ ಒಟ್ಟಿಗೆ ಸಿಗುತ್ತವೆ. ಕೋಬುನ್ ಮುನ್ನುಡಿಯಾದರೆ, ಆರಂಭವೆಂದು ಕರೆಯಬೇಕಾದದ್ದು ಇದನ್ನು.

ಸಿದ್ಧತೆಯನ್ನು ತವರಿನಲ್ಲೇ ಮುಗಿಸುವ ಇನ್ನೊಂದು ದಾರಿಯೂ ಅದೇ ಕಾಲದ್ದು. ಬಾಕ್ಸರ್ ದಂಗೆಗಾಗಿ ಚೀನಾ ತೆರಬೇಕಾದ ಪರಿಹಾರ ಧನದಲ್ಲಿ ಹೆಚ್ಚುವರಿ ಭಾಗವನ್ನು ಅಮೆರಿಕ ಹಿಂತಿರುಗಿಸಿದಾಗ, ಆ ಹಣದಲ್ಲಿ 1911ರಲ್ಲಿ ಬೀಜಿಂಗಿನ ಹಳೆಯ ಅರಮನೆ ತೋಟವೊಂದರಲ್ಲಿ ತ್ಸಿಂಗ್‌ಹುವಾ ಶಾಲೆ ತೆರೆಯಿತು. ಅಮೆರಿಕದ ಕಾಲೇಜುಗಳಿಗೆ ಹುಡುಗರನ್ನು ಸಿದ್ಧಗೊಳಿಸುವುದೇ ಅದರ ಕೆಲಸ. 1929ರಲ್ಲಿ ಕೊನೆಯ ಸಿದ್ಧತಾ ತಂಡ ಹೊರಬಿದ್ದಾಗ ಅದು ವಿಶ್ವವಿದ್ಯಾಲಯವೇ ಆಗಿತ್ತು. ಎರಡನೆಯ ಮಹಾಯುದ್ಧದ ನಂತರ ಸಮಾಜವಾದಿ ದೇಶಗಳು ಇದೇ ಮಾದರಿಯನ್ನು ಹಿಡಿದವು. ಸೋವಿಯತ್ ಒಕ್ಕೂಟಕ್ಕೆ ಹೊರಟವರಿಗಾಗಿ ಬೀಜಿಂಗಿನಲ್ಲಿ 1952ರಿಂದ ಪ್ರತ್ಯೇಕ ವಿಭಾಗವಿತ್ತು. ಪೂರ್ವ ಜರ್ಮನಿಯ ಹಾಲೆ ನಗರದಲ್ಲಿ 1954ರಿಂದ ಇದೇ ಉದ್ದೇಶದ ಸಂಸ್ಥೆ ಇತ್ತು. ಮಲೇಷ್ಯಾ 1982ರಲ್ಲಿ ‘ಪೂರ್ವದತ್ತ ನೋಡು’ ನೀತಿ ಸಾರಿದಾಗ ಜಪಾನಿಗೆ ಹೋಗುವವರಿಗೆ ಎರಡು ವರ್ಷದ ಸಿದ್ಧತೆಯನ್ನು ಕ್ವಾಲಾಲಂಪುರದ ಮಲಾಯಾ ವಿಶ್ವವಿದ್ಯಾಲಯದಲ್ಲೇ ಆರಂಭಿಸಿತು. ಖರ್ಚು ಹೊರುವವರು ಕಳಿಸುವ ಸರ್ಕಾರವಾದರೆ ಸಿದ್ಧತೆ ಹೆಚ್ಚಾಗಿ ತವರಿಗೆ ಸರಿಯುತ್ತದೆ, ಕರೆಸಿಕೊಳ್ಳುವ ಸರ್ಕಾರವಾದರೆ ಅಲ್ಲಿಗೆ ಸರಿಯುತ್ತದೆ.

ಕರೆಸಿಕೊಂಡವರ ಪೈಕಿ ಸೋವಿಯತ್ ಬಣದ ಸಂಗತಿಯಲ್ಲಿ ವಂಶಾವಳಿಯ ಗೊಂದಲವಿದೆ. ಪೊದ್‌ಫಾಕ್ ಎಂದರೆ 1960ರ ಫೆಬ್ರವರಿಯಲ್ಲಿ ಸ್ಥಾಪನೆಯಾದ ಮಾಸ್ಕೊದ ಜನಮೈತ್ರಿ ವಿಶ್ವವಿದ್ಯಾಲಯದಿಂದಲೇ ಶುರು ಎಂದು ಬರೆಯುವ ರೂಢಿ ಇದೆ. ಪಾತ್ರಿಸ್ ಲುಮುಂಬಾ ಹೆಸರಿನಲ್ಲಿ ಖ್ಯಾತವಾದ ಈ ಸಂಸ್ಥೆ ಆ ಹೆಸರನ್ನು 1961ರಲ್ಲಿ ಪಡೆದು, 1992ರಲ್ಲಿ ಕಳೆದುಕೊಂಡು, 2023ರಲ್ಲಿ ಮರಳಿ ಪಡೆಯಿತು. ಆದರೆ ಬೇರು ಇನ್ನೂ ಹಿಂದೆ ಇದೆ. ಕ್ರಾಂತಿಯ ನಂತರ 1919–20ರಲ್ಲಿ ಸೋವಿಯತ್ ಸರ್ಕಾರ ಶಾಲೆಯ ಓದು ಪೂರ್ತಿಯಾಗದ ಸ್ವದೇಶಿ ಕಾರ್ಮಿಕರನ್ನು ವಿಶ್ವವಿದ್ಯಾಲಯಕ್ಕೆ ಹತ್ತಿಸಲು ರಾಬ್‌ಫಾಕ್ ಎಂಬ ಕಾರ್ಮಿಕ ವಿಭಾಗಗಳನ್ನು ತೆರೆದಿತ್ತು. ಪೂರ್ವ ಜರ್ಮನಿ 1949ರಲ್ಲಿ ಅದನ್ನೇ ಅನುಸರಿಸಿ ಕಾರ್ಮಿಕ-ರೈತ ವಿಭಾಗಗಳನ್ನು ಕಟ್ಟಿತು. 1951ರಲ್ಲಿ ನೈಜೀರಿಯಾದಿಂದ 11 ವಿದ್ಯಾರ್ಥಿಗಳು ಲೈಪ್‌ಜಿಗ್‌ಗೆ ಬಂದಾಗ ಅವರನ್ನು ಕೂರಿಸಿದ್ದು ಈ ವಿಭಾಗದಲ್ಲೇ. ಅಲ್ಲಿಂದ 1956ರಲ್ಲಿ ವಿದೇಶಿಯರಿಗಾಗಿಯೇ ಪ್ರತ್ಯೇಕ ಸಂಸ್ಥೆ ಕವಲೊಡೆಯಿತು. 1961ರಲ್ಲಿ ಅದಕ್ಕೆ ಹರ್ಡರ್ ಇನ್‌ಸ್ಟಿಟ್ಯೂಟ್ ಎಂದು ಹೆಸರಾಯಿತು. ಅಂದರೆ ಈ ಬಣದಲ್ಲಿ ವಿದೇಶಿಯರ ಸಿದ್ಧತಾ ವರ್ಷ ಭಾಷಾ ಶಾಲೆಯ ಹೊಟ್ಟೆಯಲ್ಲಿ ಹುಟ್ಟಲಿಲ್ಲ, ಓದು ತಪ್ಪಿಹೋದ ತಮ್ಮದೇ ಪ್ರಜೆಗಳಿಗಾಗಿ ಕಟ್ಟಿದ ಮನೆಯಲ್ಲಿ ಹುಟ್ಟಿತು. ಮಾಸ್ಕೊ, ಕೀವ್, ತಾಷ್ಕೆಂಟ್‌ಗಳ ಪೊದ್‌ಫಾಕ್‌ಗಳಲ್ಲೂ ರಷ್ಯನ್ ಭಾಷೆಯ ಜೊತೆಗೇ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನಗಳನ್ನು ಮೊದಲಿನಿಂದ ಕಲಿಸುತ್ತಿದ್ದರು. ಶಾಲೆ ಪೂರ್ತಿಯಾಗದವರಿಗೆ ಜನಮೈತ್ರಿ ವಿಶ್ವವಿದ್ಯಾಲಯದಲ್ಲಿ ಈ ಹಂತ ಒಂದು ವರ್ಷ ಮೀರಿಯೂ ಹೋಗುತ್ತಿತ್ತು. ಇದೆಲ್ಲ ರಾಜಕೀಯ ಪ್ರಚಾರವಲ್ಲವೇ ಎಂಬ ಆಕ್ಷೇಪ ಹಳೆಯದು. ಹಣ ಯಾಕೆ ಹರಿಯಿತು ಎಂಬುದಕ್ಕೆ ಅದು ಉತ್ತರವಾಗಬಹುದು. ರಸಾಯನವಿಜ್ಞಾನ ಪಾಠಪಟ್ಟಿಯಲ್ಲಿ ಯಾಕಿತ್ತು ಎಂಬುದಕ್ಕೆ ಆಗದು.

ಭಾಷೆಯೇ ಮೂಲ ಕಾರಣ ಎನ್ನುವವರ ವಾದ ಇದಕ್ಕಿಂತ ಗಟ್ಟಿ. ಪರಭಾಷೆಯಲ್ಲಿ ಪಾಠ ಕೇಳಲು ಒಂದು ವರ್ಷವಾದರೂ ಬೇಡವೇ ಎಂಬುದು ಅವರ ಪ್ರಶ್ನೆ. ಬೇಕು, ಆದರೆ ಭಾಷೆ ಮಾತ್ರ ಅಡ್ಡಿಯಾಗಿದ್ದ ಕಡೆ ಹುಟ್ಟಿದ್ದು ಬೇರೆಯೇ ಸಂಸ್ಥೆ. ಅಮೆರಿಕದಲ್ಲಿ ಶಾಲೆ 12 ವರ್ಷ, ಪದವಿ 4 ವರ್ಷ. ಪದವಿಯ ಮೊದಲ ಭಾಗವೇ ಸಾಮಾನ್ಯ ಶಿಕ್ಷಣಕ್ಕೆ ಮೀಸಲು. ಅಲ್ಲಿಗೆ ಬಂದ ವಿದೇಶಿಯರಿಗಾಗಿ ಮಿಷಿಗನ್ ವಿಶ್ವವಿದ್ಯಾಲಯ 1941ರಲ್ಲಿ ತೆರೆದದ್ದು ಇಂಗ್ಲಿಷ್ ಭಾಷಾ ಸಂಸ್ಥೆಯನ್ನು ಮಾತ್ರ. ಗಣಿತ, ವಿಜ್ಞಾನಗಳ ಸಿದ್ಧತಾ ವರ್ಷ ಅಲ್ಲಿ ಬೇರೂರಲಿಲ್ಲ. ಯುರೋಪಿನ ಸಾಕ್ಷ್ಯ ಇನ್ನೂ ನೇರ. ಕೌನ್ಸಿಲ್ ಆಫ್ ಯುರೋಪ್ 1953ರ ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿ ವಿಶ್ವವಿದ್ಯಾಲಯ ಪ್ರವೇಶದ ಪ್ರಮಾಣಪತ್ರಗಳ ತತ್ಸಮಾನತೆಯ ಒಪ್ಪಂದ ಮಾಡಿತು. ಅದರ ನೆರಳಿನಲ್ಲಿ ಪಶ್ಚಿಮ ಜರ್ಮನಿಗೆ ಬಂದ ಫ್ರೆಂಚ್ ಅಥವಾ ಡೇನಿಷ್ ವಿದ್ಯಾರ್ಥಿಗೆ ಜರ್ಮನ್ ಬಾರದಿದ್ದರೆ ಭಾಷಾ ಪರೀಕ್ಷೆ ಸಾಕಿತ್ತು. ಇರಾನ್, ಇಂಡೊನೇಷ್ಯಾ, ಭಾರತಗಳಿಂದ ಬಂದವರು ಮಾತ್ರ, ಜರ್ಮನ್ ಬಲ್ಲವರಾದರೂ, 1960ರ ದಶಕದ ಹೊತ್ತಿಗೆ ನೆಲೆಗೊಂಡ ಸ್ಟುಡಿಯೆನ್‌ಕೊಲೆಗ್‌ನಲ್ಲಿ ಎರಡು ಸೆಮಿಸ್ಟರ್ ಓದಿ ಅರ್ಹತಾ ಪರೀಕ್ಷೆ ಬರೆಯಬೇಕಾಯಿತು. ಇಂದಿಗೂ ಆ ಕೊಲೆಗ್‌ನ ಬಾಗಿಲು ದಾಟಲು ಮಧ್ಯಮ ಮಟ್ಟದ ಜರ್ಮನ್ ಮೊದಲೇ ಬರಬೇಕು. ಒಳಗೆ ಹೋದ ಮೇಲೆ ತಾಂತ್ರಿಕ ವಿಷಯದವರಿಗೆ ಒಂದು ತರಗತಿ, ವೈದ್ಯಕೀಯದವರಿಗೆ ಇನ್ನೊಂದು, ಅರ್ಥಶಾಸ್ತ್ರದವರಿಗೆ ಮತ್ತೊಂದು. ಭಾಷೆ ಕಲಿಸಲೆಂದೇ ಇರುವ ಸಂಸ್ಥೆ ಸೇರುವ ಮುನ್ನವೇ ಭಾಷೆ ಕಲಿತು ಬಾ ಎನ್ನುವುದಿಲ್ಲ.

ಹಾಗಾದರೆ ಇದು ಬರೀ ಶಾಲಾ ವರ್ಷಗಳ ಲೆಕ್ಕವೇ? ಜರ್ಮನಿಯಲ್ಲಿ 13 ವರ್ಷದ ಶಾಲೆ, ಭಾರತದಲ್ಲಿ 12. ಉಳಿದ ಒಂದು ವರ್ಷವನ್ನು ಕೊಲೆಗ್ ತುಂಬುತ್ತದೆ ಎಂಬ ವಿವರಣೆ ಮಾರ್ಗದರ್ಶಿ ಪುಸ್ತಕಗಳಲ್ಲಿ ಸಾಮಾನ್ಯ. ಜಪಾನಿನ ಮಟ್ಟಿಗೆ ವರ್ಷಗಳ ಲೆಕ್ಕ ಸರಿಯೇ. ಅಲ್ಲಿನ ಕಾನೂನು 12 ವರ್ಷದ ಶಾಲಾ ಶಿಕ್ಷಣ ಕೇಳುತ್ತದೆ. ಅದಕ್ಕಿಂತ ಕಡಿಮೆ ಓದಿ ಬಂದವರು ಶಿಕ್ಷಣ ಸಚಿವರು ಗೊತ್ತುಪಡಿಸಿದ ಸಿದ್ಧತಾ ಶಿಕ್ಷಣಕ್ರಮ ಮುಗಿಸಬೇಕು. ಹತ್ತೇ ವರ್ಷದ ಶಾಲೆಯಿದ್ದ ಫಿಲಿಪ್ಪೀನ್ಸ್ ಈ ಗುಂಪಿನಲ್ಲಿತ್ತು. 2013ರ ಕಾನೂನಿನಿಂದ ಆ ದೇಶ ಎರಡು ತರಗತಿಗಳನ್ನು ಸೇರಿಸಿತು, 2018ರಲ್ಲಿ ಹನ್ನೆರಡನೆಯ ತರಗತಿಯ ಮೊದಲ ತಂಡ ಹೊರಬಂತು. ಹೊಸ ಪ್ರಮಾಣಪತ್ರ ತಂದವರಿಗೆ ಆ ಷರತ್ತಿನ ಅಗತ್ಯವೇ ಉಳಿಯಲಿಲ್ಲ. ಅವರ ಜಪಾನಿ ಭಾಷೆ ಹಿಂದಿನವರಿಗಿಂತ ಉತ್ತಮವಾಗಿರಬೇಕೆಂದೇನೂ ಇರಲಿಲ್ಲ. ಆದರೆ ಜರ್ಮನಿಯಲ್ಲಿ ವರ್ಷದ ಲೆಕ್ಕ ಕೈಕೊಡುತ್ತದೆ. ಸ್ಯಾಕ್ಸನಿ, ತುರಿಂಗಿಯಾ ರಾಜ್ಯಗಳಲ್ಲಿ ಶಾಲೆ ಮೊದಲಿಂದಲೂ 12 ವರ್ಷವೇ. ಈ ಶತಮಾನದ ಆರಂಭದಲ್ಲಿ ಪಶ್ಚಿಮದ ಹೆಚ್ಚಿನ ರಾಜ್ಯಗಳೂ ಅದಕ್ಕೆ ಇಳಿದವು. ಮುಂದೆ ಲೋವರ್ ಸ್ಯಾಕ್ಸನಿ, ಬವೇರಿಯಾದಂತಹವು ಮರಳಿ 13ಕ್ಕೆ ಹೋದವು. ಈ ಏರಿಳಿತದ ನಡುವೆ 12 ವರ್ಷ ಓದಿದ ಜರ್ಮನ್ ಹುಡುಗಿ ನೇರವಾಗಿ ವಿಶ್ವವಿದ್ಯಾಲಯ ಸೇರಿದಳು, 12 ವರ್ಷ ಓದಿದ ಭಾರತೀಯ ಹುಡುಗಿ ಕೊಲೆಗ್‌ಗೇ ಹೋದಳು. ಜರ್ಮನ್ ರಾಜ್ಯಗಳು ವರ್ಷಕ್ಕೆ ಬದಲಾಗಿ ಐದನೆಯ ತರಗತಿಯಿಂದ ಕೊನೆಯವರೆಗೆ ವಾರದ ಪಾಠದ ಗಂಟೆಗಳ ಒಟ್ಟು ಮೊತ್ತ ಕನಿಷ್ಠ 265 ಆಗಬೇಕೆಂದು ತಮ್ಮೊಳಗೆ ಒಪ್ಪಿಕೊಂಡಿವೆ. ಆ ಗಂಟೆಗಳನ್ನು ತುಂಬಿದ್ದಕ್ಕೆ ಸಾಕ್ಷಿ ತಮ್ಮದೇ ಪ್ರಮಾಣಪತ್ರ. ಹೊರಗಿನ ಪತ್ರಕ್ಕೆ ಆ ನಂಬಿಕೆ ಒಪ್ಪಂದದಿಂದ ಬರಬೇಕು, ಇಲ್ಲವೇ ಪರೀಕ್ಷೆಯಿಂದ. 1997ರ ಲಿಸ್ಬನ್ ಒಪ್ಪಂದ ಗಣನೀಯ ವ್ಯತ್ಯಾಸ ತೋರಿಸದೆ ಪತ್ರವನ್ನು ತಳ್ಳಿಹಾಕುವಂತಿಲ್ಲ ಎಂದದ್ದು ಈ ನಂಬಿಕೆಯ ಪ್ರಶ್ನೆಗೇ ಕಾನೂನಿನ ರೂಪ ಕೊಟ್ಟಿತು.

ಬ್ರಿಟನ್ನಿನ ಅಧ್ಯಾಯ ಎಲ್ಲರಿಗೂ ಗೊತ್ತಿರುವುದರಿಂದ ಚಿಕ್ಕದಾಗಿ ಹೇಳಿದರೆ ಸಾಕು. 1980ರಿಂದ ವಿದೇಶಿ ವಿದ್ಯಾರ್ಥಿಗಳು ಪೂರ್ತಿ ವೆಚ್ಚದ ಶುಲ್ಕ ತೆರಬೇಕಾಯಿತು. ಉತ್ತರ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ವಿದೇಶಿಯರನ್ನು ಸಿದ್ಧಗೊಳಿಸಲು 1987ರಲ್ಲಿ ಎನ್‌ಸಿಯುಕೆ ಒಕ್ಕೂಟ ಕಟ್ಟಿದವು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 1994ರಲ್ಲಿ ಶುರುವಾದ ಕಾಲೇಜೊಂದು ಮುಂದೆ ನವಿಟಾಸ್ ಕಂಪನಿಯಾಯಿತು. 2005ರಲ್ಲಿ ಸ್ಥಾಪನೆಯಾದ ಇಂಟೊ ಕಂಪನಿ ವಿಶ್ವವಿದ್ಯಾಲಯದ ಆವರಣದೊಳಗೇ ಪಾಲುದಾರಿಕೆಯ ಕೇಂದ್ರಗಳನ್ನು ತೆರೆದು, 2008ರಲ್ಲಿ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಮೂಲಕ ಅಮೆರಿಕಕ್ಕೂ ಕಾಲಿಟ್ಟಿತು. ಮೇಲಿನ ವಾದ ಇಲ್ಲಿ ಪೂರ್ತಿ ನಿಲ್ಲುತ್ತದೆಂದು ಹೇಳಲಾಗದು. ಶಾಲೆಯ ಕೊನೆಯ ಪರೀಕ್ಷೆಯಾದ ಎ ಲೆವೆಲ್‌ನ ಮೂರು ವಿಷಯಗಳ ಆಳವನ್ನು ನಂಬಿ ಮೂರೇ ವರ್ಷದ ಪದವಿ ಕಟ್ಟಿಕೊಂಡಿರುವ ಇಂಗ್ಲೆಂಡಿಗೆ ಹೊರಗಿನ ಪತ್ರದ ಕುರಿತು ಅನುಮಾನವಿರುವುದು ಸಹಜವೇ. ಆದರೆ ಪತ್ರ ಮಾನ್ಯವಾಗಿದ್ದೂ ಅಂಕ ಕಡಿಮೆಯಾದವರನ್ನು ಈ ದಾರಿಯಲ್ಲಿ ಒಳಗೆ ಬಿಟ್ಟುಕೊಳ್ಳುವಾಗ, ಅದು ಅಂತರ ತುಂಬುವ ವರ್ಷವಾಗಿ ಉಳಿಯದೆ ಆದಾಯದ ದಾರಿಯಾಗುತ್ತದೆ.

2024ರ ಜನವರಿಯಲ್ಲಿ ಸಂಡೆ ಟೈಮ್ಸ್ ಪತ್ರಿಕೆ ಎತ್ತಿದ ವಿವಾದದ ತಿರುಳೂ ಇದೇ. ಸ್ವದೇಶಿ ಹುಡುಗರಿಗೆ ಉನ್ನತ ದರ್ಜೆ ಕೇಳುವ ಪದವಿಗಳಿಗೆ ಹೆಚ್ಚು ಶುಲ್ಕ ಕೊಡುವ ವಿದೇಶಿಯರು ಫೌಂಡೇಶನ್ ದಾರಿಯಿಂದ ಕಡಿಮೆ ಅಂಕಕ್ಕೇ ಸೇರುತ್ತಿದ್ದಾರೆ ಎಂಬುದು ವರದಿಯ ಆರೋಪ. ಫೌಂಡೇಶನ್‌ನ ಅಂಕವನ್ನು ನೇರ ಪ್ರವೇಶದ ಅಂಕದೊಡನೆ ಹೋಲಿಸಿದ್ದೇ ತಪ್ಪು, ಸ್ವದೇಶಿಯರ ಫೌಂಡೇಶನ್ ತರಗತಿಗಳಿಗೂ ಕಡಿಮೆ ಅಂಕ ಸಾಕು ಎಂದು ವಿಶ್ವವಿದ್ಯಾಲಯಗಳು ಉತ್ತರಿಸಿದವು. ಈ ಉತ್ತರ ಹೋಲಿಕೆಯ ಮಟ್ಟಿಗೆ ಸರಿ. ಶುಲ್ಕದ ವಿಷಯವನ್ನು ಅದು ಮುಟ್ಟುವುದಿಲ್ಲ. ಇಂಗ್ಲೆಂಡಿನಲ್ಲಿ ಸ್ವದೇಶಿಯರ ಫೌಂಡೇಶನ್ ವರ್ಷಕ್ಕೆ, ತರಗತಿಯಲ್ಲೇ ಕಲಿಸುವ ವಿಷಯಗಳಲ್ಲಿ, 2025–26ರಿಂದ 5,760 ಪೌಂಡುಗಳ ಮಿತಿ ಇದೆ. ವಿದೇಶಿಯರ ಶುಲ್ಕಕ್ಕೆ ಮಿತಿ ಎಂಬುದೇ ಇಲ್ಲ. ಜರ್ಮನಿಯಲ್ಲಿ ಆದದ್ದು ತಿರುವುಮುರುವು: ಅಲ್ಲಿ ಸರ್ಕಾರಿ ಕೊಲೆಗ್‌ಗಳಿಗೆ ಬೋಧನಾ ಶುಲ್ಕವಿರಲಿಲ್ಲ, ಹೊರೆ ಖಜಾನೆಯದು. ನಾರ್ತ್ ರೈನ್-ವೆಸ್ಟ್‌ಫೇಲಿಯಾ ರಾಜ್ಯ ತನ್ನ ಸರ್ಕಾರಿ ಕೊಲೆಗ್‌ಗಳನ್ನು 2010ರ ಸುಮಾರಿಗೆ ಮುಚ್ಚಿಬಿಟ್ಟಿತು. ಅರ್ಹತಾ ಪರೀಕ್ಷೆ ಮಾತ್ರ ಉಳಿಯಿತು. ಆ ತೆರವಿಗೆ ಖಾಸಗಿ ಕೊಲೆಗ್‌ಗಳು ಬಂದವು.

ಭಾರತದ ಪತ್ರಗಳ ಸ್ಥಾನ ಇತ್ತೀಚೆಗೆ ಬೇಗ ಬದಲಾಗುತ್ತಿದೆ. 2022ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವಿದ್ಯಾರ್ಹತೆಗಳ ಪರಸ್ಪರ ಮಾನ್ಯತೆಯ ಒಡಂಬಡಿಕೆ ನಮ್ಮ ಸೀನಿಯರ್ ಸೆಕೆಂಡರಿಯ ಜೊತೆಗೆ ಪ್ರೀ-ಯೂನಿವರ್ಸಿಟಿ ಪ್ರಮಾಣಪತ್ರವನ್ನೂ ಬ್ರಿಟಿಷ್ ಉನ್ನತ ಶಿಕ್ಷಣದ ಪ್ರವೇಶಕ್ಕೆ ಒಪ್ಪಿದೆ. ಕರ್ನಾಟಕದ ಪಿಯುಸಿಗೆ ಇದು ನೇರವಾಗಿ ಸಂಬಂಧಿಸಿದ ಮಾತು. ಆದರೂ ರಾಜ್ಯ ಮಂಡಳಿಗಳ ವಿದ್ಯಾರ್ಥಿಗಳಿಂದ ಸಿಬಿಎಸ್‌ಇ, ಐಎಸ್‌ಸಿಯವರಿಗಿಂತ ಹೆಚ್ಚು ಶೇಕಡಾವಾರು ಕೇಳುವ ವಿಶ್ವವಿದ್ಯಾಲಯಗಳು ಅಲ್ಲಿ ಹಲವಿವೆ. ಅದು ಸಿಗದವರು ಫೌಂಡೇಶನ್ ಕಡೆಗೆ ತಿರುಗುತ್ತಾರೆ. ಜರ್ಮನಿ 2022ರ ನವೆಂಬರಿನಿಂದ ಭಾರತೀಯ ಅರ್ಜಿದಾರರ ದಾಖಲೆಗಳನ್ನು ಎಪಿಎಸ್ ಕಚೇರಿಯ ಮೂಲಕ ಪರಿಶೀಲಿಸಿಕೊಳ್ಳುವುದನ್ನು ಕಡ್ಡಾಯ ಮಾಡಿತು; ಚೀನಾದಲ್ಲಿ ಈ ಏರ್ಪಾಡು 2001ರಿಂದಲೇ ಇದೆ. ಪಿಯುಸಿ ಅಥವಾ ಹನ್ನೆರಡನೆಯ ತರಗತಿ ಮಾತ್ರ ಮುಗಿಸಿದವರಿಗೆ ಅಲ್ಲಿ ಸಾಮಾನ್ಯವಾಗಿ ಸ್ಟುಡಿಯೆನ್‌ಕೊಲೆಗ್ ತಪ್ಪದು. ಆದರೆ ಜೆಇಇ ಅಡ್ವಾನ್ಸ್ಡ್ ತೇರ್ಗಡೆಯಾದವರು ತಾಂತ್ರಿಕ ವಿಷಯಗಳಿಗೆ, ಮಾನ್ಯ ವಿಶ್ವವಿದ್ಯಾಲಯದಲ್ಲಿ ಪದವಿಯ ಮೊದಲ ವರ್ಷ ಮುಗಿಸಿದವರು ಅದೇ ವಿಷಯಕ್ಷೇತ್ರಕ್ಕೆ ನೇರವಾಗಿ ಅರ್ಜಿ ಹಾಕಬಹುದು. ಜೆಇಇಯಲ್ಲೂ, ಮೈಸೂರು ಅಥವಾ ಧಾರವಾಡದ ಬಿ.ಎಸ್ಸಿ. ಮೊದಲ ವರ್ಷದಲ್ಲೂ ಜರ್ಮನ್ ಭಾಷೆಯ ಒಂದು ಅಕ್ಷರವಿಲ್ಲ. ವೈದ್ಯಕೀಯ ಓದಲು ಹೊರದೇಶಕ್ಕೆ ಹೋಗುವವರ ಲೆಕ್ಕ ಇನ್ನೊಂದು: ಭಾರತದ ವೈದ್ಯಕೀಯ ಆಯೋಗದ 2021ರ ನಿಯಮಗಳು 54 ತಿಂಗಳಿಗೆ ಕಡಿಮೆಯಿಲ್ಲದ, ಇಂಗ್ಲಿಷ್ ಮಾಧ್ಯಮದ ವೈದ್ಯಕೀಯ ಶಿಕ್ಷಣವನ್ನೇ ಕೇಳುತ್ತವೆ; ಸಿದ್ಧತಾ ವರ್ಷ ಆ ಲೆಕ್ಕಕ್ಕೆ ನೆರವಾಗದು. ಜರ್ಮನಿಯ ಖಾಸಗಿ ಕೊಲೆಗ್‌ಗೆ ಹಣ ಕಟ್ಟುವವರು ಅದರ ಕೊನೆಯ ಪರೀಕ್ಷೆಗೆ ಸರ್ಕಾರದ ಮಾನ್ಯತೆ ಇದೆಯೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ಇಲ್ಲದಿದ್ದರೆ ವರ್ಷ ಪೂರ್ತಿ ಓದಿದ ಮೇಲೂ ಅರ್ಹತಾ ಪರೀಕ್ಷೆಯನ್ನು ಬೇರೆಡೆ ಬಾಹ್ಯ ಅಭ್ಯರ್ಥಿಯಾಗಿ ಬರೆಯಬೇಕಾಗುತ್ತದೆ.